ಏಳನೇ ತರಗತಿಯ ಅತ್ತೆ

ನಾಲ್ಕು ದಿನದ ತರಬೇತಿ ಮುಗಿಸಿಕೊಂಡು ಬಂದ ಹೆಡ್‌ಮಾಸ್ತರರು ಸೋಮವಾರ ಬೆಳಿಗ್ಗೆ ಶಿಕ್ಷಕರ ಕೋಣೆಯ ಹಲಗೆಯ ಮೇಲೆ ಮೂರು ವೃತ್ತ ಬರೆದರು. ಒಂದರೊಳಗೆ ‘ಏನು ಕಲಿಸುವುದು’, ಇನ್ನೊಂದರೊಳಗೆ ‘ಹೇಗೆ ಕಲಿಸುವುದು’, ಮೂರನೆಯದರೊಳಗೆ ‘ಯಾವುದರಿಂದ ಕಲಿಸುವುದು’. ಮೂರೂ ಒಂದರ ಮೇಲೊಂದು ಹಾಯ್ದ ನಡುವಿನ ತುಣುಕಿಗೆ ಕೆಂಪು ಬಣ್ಣ ತುಂಬಿ, ಕೈಯ ಪುಡಿ ಕೊಡವಿಕೊಂಡು, “ಇನ್ನು ಮೇಲೆ ನಾವೆಲ್ಲ ಇಲ್ಲಿ ನಿಂತು ಪಾಠ ಮಾಡ್ಬೇಕು,” ಎಂದರು.

ಆಟದ ಮೇಷ್ಟ್ರು ದಪ್ಪ ಆಳು. ಆ ತುಣುಕನ್ನೇ ನೋಡುತ್ತ, “ಅಷ್ಟು ಜಾಗದಲ್ಲಿ ನಾನು ಹಿಡಿಸಲ್ಲ ಸರ್,” ಎಂದರು.

ನಗು ಮುಗಿದ ಮೇಲೆ ಹೆಡ್‌ಮಾಸ್ತರರ ಕಣ್ಣು ಗಣಿತದ ಮೇಡಂ ಮೇಲೆ ಬಿತ್ತು. ಹತ್ತೊಂಬತ್ತು ವರ್ಷದ ಅನುಭವ, ಅಚ್ಚುಕಟ್ಟಾದ ಅಕ್ಷರ, ಒಂದು ದಿನವೂ ತಡವಾಗಿ ಬಂದವರಲ್ಲ. ಹೊಸ ಪದ್ಧತಿಯನ್ನು ಮೊದಲು ಅವರ ಏಳನೇ ತರಗತಿಯಲ್ಲಿ ನಡೆಸಿ ನೋಡುವುದೆಂದು ಅಲ್ಲೇ ತೀರ್ಮಾನವಾಯಿತು. ಪಾಠವನ್ನು ಹತ್ತು ನಿಮಿಷದ ವಿಡಿಯೋ ಮಾಡಿ ಮಕ್ಕಳ ಮನೆಯ ಫೋನಿಗೆ ಕಳಿಸಬೇಕು. ಮಕ್ಕಳು ಅದನ್ನು ಮನೆಯಲ್ಲೇ ನೋಡಿಕೊಂಡು ಬರಬೇಕು. ತರಗತಿಯ ಸಮಯವೆಲ್ಲ ಲೆಕ್ಕ ಬಿಡಿಸುವುದಕ್ಕೆ, ಮಾತಾಡುವುದಕ್ಕೆ, ಕೈಯಾರೆ ಮಾಡಿ ನೋಡುವುದಕ್ಕೆ. ಯಾವ ಮಗು ಎಷ್ಟು ಹೊತ್ತು ನೋಡಿತು ಎಂಬುದನ್ನೂ ಆ್ಯಪ್ ತೋರಿಸುತ್ತದೆ ಎಂದು ಹೆಡ್‌ಮಾಸ್ತರರು ಹೆಮ್ಮೆಯಿಂದ ಹೇಳಿದರು.

ಮೇಡಂ ಒಪ್ಪಿದರು. ಯಾವುದನ್ನೇ ಆಗಲಿ ಒಪ್ಪಿಕೊಂಡ ಮೇಲೆ ಅರೆಬರೆ ಮಾಡುವುದು ಅವರ ಜಾಯಮಾನವಲ್ಲ. ಮಾತಾಡಬೇಕಾದ್ದನ್ನೆಲ್ಲ ಬರೆದುಕೊಂಡರು. ಮನೆಯ ಮುಂದಿನ ಕೋಣೆಯ ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, ಫ್ರೇಮುಗಳ ಮೂರು ಡಬ್ಬಿ ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಫೋನು ನಿಲ್ಲಿಸಿ, “ಹೂಂ, ಶುರು,” ಎನ್ನುತ್ತಿದ್ದ. ಅದೇ ಕೋಣೆಯ ಇನ್ನರ್ಧ ಅತ್ತೆಯದು. ಕಿಟಕಿಯ ಪಕ್ಕ ಅವರ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದದ ಮೇಜು. ನಲವತ್ತು ವರ್ಷದಿಂದ ಆ ಬೀದಿಯವರ ಮೈಯಳತೆಯೆಲ್ಲ ಅವರ ಪುಸ್ತಕದಲ್ಲಿತ್ತು. ರೆಕಾರ್ಡ್ ಮಾಡುವಾಗ ಯಂತ್ರ ತುಳಿಯಬಾರದು ಎಂಬ ಕರಾರಿಗೆ ಅವರು ಮುಖ ಸಿಂಡರಿಸಿಕೊಂಡೇ ಒಪ್ಪಿ, ಆ ಹತ್ತು ನಿಮಿಷ ಗುಂಡಿ ಹಚ್ಚುತ್ತ ಕೂರುತ್ತಿದ್ದರು.

ಮೊದಲ ನಾಲ್ಕು ವಿಡಿಯೋಗಳಲ್ಲಿ ಒಂದು ತಪ್ಪೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಮಕ್ಕಳೆಲ್ಲ, “ನೋಡಿದ್ವಿ ಮೇಡಂ,” ಎಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಆ್ಯಪ್ ಬೇರೆಯೇ ಹೇಳುತ್ತಿತ್ತು. ಮೂವತ್ತೆಂಟು ಮಕ್ಕಳಲ್ಲಿ ಹೆಚ್ಚಿನವರು ಎರಡು ನಿಮಿಷ ದಾಟುವಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ತರಗತಿಯಲ್ಲಿ ಲೆಕ್ಕ ಕೊಟ್ಟರೆ ಕಣ್ಣುಕಣ್ಣು ಬಿಡುತ್ತಿದ್ದರು. ಮೇಡಂ ಅದೇ ಪಾಠವನ್ನು ಮತ್ತೆ ಹಲಗೆಯ ಮೇಲೆ ಮೊದಲಿನಿಂದ ಮಾಡುತ್ತಿದ್ದರು. ಕೆಲಸ ಎರಡರಷ್ಟಾಯಿತೇ ಹೊರತು ಬೇರೇನೂ ಆಗಲಿಲ್ಲ.

ಐದನೆಯದು ಭಿನ್ನರಾಶಿಗಳ ಭಾಗಾಕಾರ. ಭಾನುವಾರ ಬೆಳಿಗ್ಗೆ, ಒಳ್ಳೆಯ ಬೆಳಕು. ಮೇಡಂ ರಟ್ಟಿನ ಮೇಲೆ ಬರೆದದ್ದನ್ನು ತೋರಿಸುತ್ತ, “ಅರ್ಧವನ್ನು ಕಾಲಿನಿಂದ ಭಾಗಿಸಬೇಕಾದರೆ, ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು. ಉತ್ತರ ಎರಡು,” ಎಂದರು.

“ತಡಿಯೇ,” ಎಂದು ಕಿಟಕಿಯ ಕಡೆಯಿಂದ ಅತ್ತೆಯ ಧ್ವನಿ ಬಂತು.

“ಅತ್ತೆ, ರೆಕಾರ್ಡ್ ಆಗ್ತಿದೆ.”

“ಆಗ್ಲಿ. ಅರ್ಧ ಇತ್ತು, ಭಾಗ ಮಾಡಿದೆ. ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು ತಾನೆ? ಎರಡು ಹೇಗಾಯ್ತು? ಎಲ್ಲಿಂದ ತಂದೆ?”

“ಅದು, ಎರಡನೇದನ್ನ ತಲೆಕೆಳಗು ಮಾಡಿ...”

“ಯಾಕೆ ಮಾಡ್ಬೇಕು? ನೆಟ್ಟಗೆ ನಿಂತಿರೋದನ್ನ?”

“ಯಾಕೆ ಅಂದ್ರೆ... ಅದು...” ಎಂದು ಮೇಡಂ ತಡವರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಇದನ್ನು ಕೇಳಿರಲಿಲ್ಲ. ಕಣ್ಣು ಅತ್ತಿತ್ತ ಹೊರಳಿ ಮೇಜಿನ ಮೇಲಿನ ಬಟ್ಟೆಯ ಮೇಲೆ ನಿಂತಿತು.

“ಅತ್ತೆ, ಅದು ಎಷ್ಟಿದೆ? ಅರ್ಧ ಮೀಟರಾ?”

“ಅರ್ಧ ಮೀಟರ್.”

“ಒಂದು ಕಾಲರಿಗೆ ಕಾಲು ಮೀಟರ್ ಬೇಕು.”

“ಕಾಲರಿಗೆ ಅಷ್ಟು ಬೇಡ.”

“ಬೇಕು ಅಂದುಕೊಳ್ಳಿ. ಎಷ್ಟು ಕಾಲರ್ ಬರತ್ತೆ?”

“ಎರಡು.”

“ಅದೇ.”

ಅತ್ತೆ ಟೇಪನ್ನು ಬಟ್ಟೆಯ ಮೇಲೆ ಎರಡು ಸಲ ಇಟ್ಟು ನೋಡಿದರು. “ಓ. ಎಷ್ಟು ಸಲ ಕತ್ತರಿಸಬಹುದು ಅಂತ ಕೇಳ್ತಿದೀಯ. ಹಾಗಂತ ಮೊದಲೇ ಹೇಳೋದಲ್ವಾ? ನಲವತ್ತು ವರ್ಷದಿಂದ ಇದನ್ನೇ ಮಾಡ್ತಿದೀನಿ. ಇದಕ್ಕೆ ಭಾಗಾಕಾರ ಅಂತಾರೆ ಅಂತ ಗೊತ್ತಿರ್ಲಿಲ್ಲ.”

“ಇದನ್ನೆಲ್ಲ ಕತ್ತರಿಸಿ ಕಳಿಸಿ,” ಎಂದು ಮೇಡಂ ಗಂಡನಿಗೆ ಹೇಳಿ ಅಡುಗೆಮನೆಗೆ ಹೋದರು. ಗಂಡ ಕತ್ತರಿಸಲಿಲ್ಲ. ಹಾಗೇ ಕಳಿಸಿಬಿಟ್ಟ. ಮಾರನೆಯ ಬೆಳಿಗ್ಗೆ ಆ್ಯಪ್ ತೆರೆದ ಹೆಂಡತಿ, “ಇದನ್ಯಾಕೆ ಕತ್ತರಿಸಲಿಲ್ಲ?” ಎಂದಾಗ, “ನನಗೂ ಅದು ಅರ್ಥ ಆಗಿದ್ದು ನಿನ್ನೆನೇ ಕಣೇ. ಕತ್ತರಿಸೋಕೆ ಮನಸ್ಸು ಬರ್ಲಿಲ್ಲ,” ಎಂದು ಕನ್ನಡಕ ಒರೆಸಿಕೊಂಡ.

ಬೈಯಬೇಕೆಂದುಕೊಂಡವರು ಪರದೆಯನ್ನು ಇನ್ನೊಮ್ಮೆ ನೋಡಿದರು. ಮೂವತ್ತೆಂಟಕ್ಕೆ ಮೂವತ್ತೆಂಟೂ ಕೊನೆಯವರೆಗೆ ನೋಡಿದ್ದವು. ಹನ್ನೊಂದು ಮಕ್ಕಳು ಎರಡು ಸಲ. ಒಂದು ಹುಡುಗಿಯಂತೂ ಐದು ಸಲ.

ಆ ಹುಡುಗಿ ಕಿಟಕಿ ಪಕ್ಕದ ಬೆಂಚಿನವಳು. ಹೆಸರು ಕರೆದರೆ ಅವಳ ಹಾಜರಿ ಅವಳಿಗಷ್ಟೇ ಕೇಳುತ್ತಿತ್ತು. ಮಕ್ಕಳು ಅವಳಿಗೆ ಪಿಸುಪಿಸು ಎಂದು ಹೆಸರಿಟ್ಟಿದ್ದರು. ಅವಳೇ ಅಂದು ಮೇಜಿನ ಹತ್ತಿರ ಬಂದು, “ಮೇಡಂ, ಅಜ್ಜಿ ಕೇಳಿದ್ದೇ ನನ್ನ ತಲೇಲೂ ಇತ್ತು,” ಎಂದು ಹೇಳಿ, ಉತ್ತರಕ್ಕೂ ಕಾಯದೆ ಓಡಿಹೋದಳು. ತರಗತಿಯಲ್ಲಿ ಮೇಡಂ ಕಾಗದದ ಪಟ್ಟಿ ಕೊಟ್ಟರೆ, ಮಕ್ಕಳು ತಾವಾಗಿಯೇ ಮುಕ್ಕಾಲಿನಲ್ಲಿ ಎಷ್ಟು ಅರೆಕಾಲು, ಒಂದೂವರೆಯಲ್ಲಿ ಎಷ್ಟು ಕಾಲು ಎಂದು ಕತ್ತರಿಸಿ ಕತ್ತರಿಸಿ ನೆಲವನ್ನೆಲ್ಲ ಕಸ ಮಾಡಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಅಂದು ಸಂಜೆ ಮೇಡಂ ಒಂದು ತಪ್ಪು ಮಾಡಿದರು. ಅತ್ತೆಗೆ ವಿಷಯ ಹೇಳಲಿಲ್ಲ. ಹೇಳಿದರೆ ಅವರು ಮೊದಲಿನಂತೆ ಕೇಳಲಾರರು, ಕ್ಯಾಮೆರಾ ಎಂದು ಬಿಗಿದುಕೊಂಡಾರು ಎಂಬ ಲೆಕ್ಕಾಚಾರ. ಮುಂದಿನ ಮೂರು ಪಾಠಗಳನ್ನು ರೆಕಾರ್ಡ್ ಮಾಡುವಾಗ ನಡುನಡುವೆ ಬೇಕೆಂದೇ ನಿಧಾನ ಮಾಡಿದರು. ಅತ್ತೆ ಸುಮ್ಮನಿರುವ ಜೀವವೇ ಅಲ್ಲ. “ಶೇಕಡ ಅಂದ್ರೆ ಏನು, ನೂರು ಯಾಕೆ, ಎಂಬತ್ತು ಯಾಕಲ್ಲ?” ಎಂದರು. ಬೀಜಗಣಿತ ಬಂದಾಗ, “ಅಕ್ಷರಕ್ಕೂ ಲೆಕ್ಕಕ್ಕೂ ಎಲ್ಲಿಯ ನಂಟು?” ಎಂದರು. “ನನಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳು,” ಎಂದು ಪ್ರತಿ ಪಾಠದಲ್ಲೂ ಎರಡು ಸಲವಾದರೂ ಎಂದರು. ಎಲ್ಲವೂ ಮೂವತ್ತೆಂಟು ಮನೆ ತಲುಪಿತು.

ಮೂರನೇ ವಾರ, ಮಗನ ಪ್ಯಾಂಟಿನ ಮಡಿಕೆ ಬಿಚ್ಚಿಸಲು ಬಂದ ಹೆಂಗಸೊಬ್ಬಳು ಅತ್ತೆ ನಾಲ್ಕು ಮಾತಾಡುವಷ್ಟರಲ್ಲಿ ಧ್ವನಿ ಗುರುತು ಹಿಡಿದಳು. “ಅಯ್ಯೋ, ನೀವೇ ಅಲ್ವಾ ವಿಡಿಯೋದಲ್ಲಿ ‘ನನಗೆ ತಿಳೀಲಿಲ್ಲ’ ಅನ್ನೋರು? ನಮ್ಮನೇಲಿ ಊಟಕ್ಕೆ ಕೂತ್ರೆ ನಿಮ್ಮದೇ ಮಾತು. ನಕ್ಕು ನಕ್ಕು ಸಾಕಾಗತ್ತೆ,” ಎಂದಳು.

ಅವಳು ಪ್ರೀತಿಯಿಂದಲೇ ಹೇಳಿದ್ದಳು. ಅತ್ತೆಯೂ ನಗುನಗುತ್ತಲೇ ಅಳತೆ ತೆಗೆದುಕೊಂಡು ಕಳಿಸಿದರು. ಆಮೇಲೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದರು.

ಸಂಜೆ ಮೇಡಂ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಸಪ್ಪಳ ಮಾಮೂಲಿಗಿಂತ ಜೋರಾಗಿತ್ತು. ಹತ್ತು ಜನಕ್ಕೂ ಮುಗಿಯದಷ್ಟು ಹೆಚ್ಚಿ ರಾಶಿ ಹಾಕಿದ್ದರು. ವಿಡಿಯೋ ವಿಷಯ ಅಮ್ಮನಿಗೆ ಗೊತ್ತಾಗಿದೆ ಎಂದು ಗಂಡ ಬಾಗಿಲಲ್ಲೇ ಮೆಲ್ಲಗೆ ಹೇಳಿದ.

“ಅತ್ತೆ, ನಿಮ್ಮನ್ನ ಕೇಳಿ ಕಳಿಸ್ಬೇಕಿತ್ತು. ನನ್ನದು ತಪ್ಪಾಯ್ತು.”

ಅತ್ತೆ ತಲೆಯೆತ್ತಲಿಲ್ಲ. “ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೋಳು ಅಂತ ನಾನು ಯಾರ ಹತ್ರನೂ ಹೇಳ್ಕೊಂಡವಳಲ್ಲ. ಪೇಪರ್ ಓದ್ತೀನಿ, ಅಳತೆ ಬರ್ಕೋತೀನಿ. ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿರ್ಲಿಲ್ಲ. ನನ್ನ ಮನೆ, ನನ್ನ ಸೊಸೆ, ಇಲ್ಲಿ ದಡ್ಡಿ ಆದ್ರೂ ಪರವಾಗಿಲ್ಲ ಅಂತ ಕೇಳ್ತಿದ್ದೆ. ನೀನು ಊರಿಗೆಲ್ಲ ಸಾರಿಬಿಟ್ಟೆ.”

“ಮೊದಲನೇದು ಕಳಿಸಿದ್ದು ನಾನಮ್ಮ,” ಎಂದ ಮಗ.

“ನಿನ್ನ ಸರದಿ ಆಮೇಲೆ.”

ಮೇಡಂ ತರಕಾರಿಯ ರಾಶಿಯನ್ನು ಪಾತ್ರೆಗೆ ತುಂಬಿದರು. ಬೇರೆಯವರ ಮಕ್ಕಳಿಗೆ ಅರ್ಥವಾಗಲೆಂದು ಮನೆಯವರ ಮನಸ್ಸನ್ನು ಅರ್ಥಮಾಡಿಕೊಳ್ಳದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಅತ್ತೆಗೆ ತಿಳಿಯದ ಹಾಗೆ ಕಳಿಸಿದ್ದನ್ನೆಲ್ಲ ಅವರೆದುರಿಗೇ ಆ್ಯಪ್‌ನಿಂದ ತೆಗೆದುಹಾಕಿದರು. ಮುಂದಿನ ಎರಡು ಪಾಠಗಳನ್ನು ಶಾಲೆಯ ಖಾಲಿ ಕೋಣೆಯಲ್ಲಿ ಒಬ್ಬರೇ ನಿಂತು ರೆಕಾರ್ಡ್ ಮಾಡಿದರು. ಮಕ್ಕಳು ಮತ್ತೆ ಎರಡು ನಿಮಿಷಕ್ಕೆ ಎದ್ದುಹೋದರು.

ಎರಡನೆಯ ಪಾಠ ಕಳಿಸಿದ ಮಾರನೆಯ ದಿನ ಆ್ಯಪ್‌ನಲ್ಲಿ ಒಂದು ಧ್ವನಿ ಸಂದೇಶ ಬಂದಿತ್ತು. ಮೇಡಂ ಅದನ್ನು ಶಿಕ್ಷಕರ ಕೋಣೆಯಲ್ಲಿ ಕಿವಿಗೆ ಹಿಡಿದು ಕೇಳಿದರು. ಆಮೇಲೆ ಆ ದಿನವೆಲ್ಲ ಅವರಿಗೆ ಮನೆಗೆ ಹೋಗುವ ಆತುರ. ಅತ್ತೆಯ ಮುಂದೆ ಫೋನಿಟ್ಟು, “ಇದು ನಿಮಗೆ ಬಂದಿರೋದು. ನೀವು ಹೂಂ ಅಂದ್ರೆ ಹಾಕ್ತೀನಿ,” ಎಂದರು.

ಅತ್ತೆ ಸೂಜಿಗೆ ದಾರ ಪೋಣಿಸುತ್ತ, “ಹಾಕು,” ಎಂದರು.

ಪಿಸುಪಿಸುವಿನ ದನಿ. ಫೋನಿಗೆ ಬಾಯಿ ಅಂಟಿಸಿಕೊಂಡು ಮಾತಾಡಿದ್ದಳೇನೋ, ಮೊದಲ ಸಲ ಅದು ಸ್ಪಷ್ಟವಾಗಿ ಕೇಳುತ್ತಿತ್ತು.

“ಅಜ್ಜಿ, ನಮಸ್ಕಾರ. ನಾನು ಏಳನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು. ನೀವು ಎರಡು ಪಾಠದಿಂದ ಬಂದಿಲ್ಲ. ಹುಷಾರಿಲ್ವಾ? ನನಗೆ ಅರ್ಥ ಆಗದೇ ಇದ್ರೆ ನಾನು ಕೇಳಲ್ಲ, ಎಲ್ಲರೂ ನಗ್ತಾರೆ ಅಂತ. ನೀವು ಕೇಳಿದ್ರಿ, ಯಾರೂ ನಗ್ಲಿಲ್ಲ. ಅಂದ್ರೆ, ನಕ್ಕರು. ಆದ್ರೆ ನಿಮ್ಮನ್ನ ನೋಡಿ ಅಲ್ಲ, ಮೇಡಂ ತಡವರಿಸಿದ್ದು ನೋಡಿ. ಸಾರಿ ಮೇಡಂ. ಈಗಿನ ಪಾಠದಲ್ಲಿ ಯಾರೂ ತಡಿ ಅನ್ನಲ್ಲ, ಮೇಡಂ ಸೀದಾ ಹೋಗ್ತಾನೇ ಇರ್ತಾರೆ. ಬೇಗ ಬನ್ನಿ ಅಜ್ಜಿ.”

ಅತ್ತೆ ಇನ್ನೊಂದು ಸಲ ಹಾಕಿಸಿದರು. ಮೂರನೆಯ ಸಲ ತಾವೇ ಒತ್ತಿಕೊಂಡರು. ದಾರ ಸೂಜಿಯಿಂದ ಜಾರಿ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

“ಮುಂದಿನ ಪಾಠ ಏನು?”

“ಮೈನಸ್ ಸಂಖ್ಯೆಗಳ ಗುಣಾಕಾರ. ಹೆಡ್‌ಮಾಸ್ಟರೂ ಅವತ್ತು ಕೂತು ನೋಡ್ತಾರೆ, ಗುರುವಾರ.”

“ಆ ಫೋನಿನ ಹಿಂದೆ ಕೂತು ಮಾತಾಡೋದು ನನ್ನ ಕೈಲಾಗಲ್ಲ. ಕ್ಲಾಸಿಗೇ ಬರ್ತೀನಿ. ನಗೋರು ನನ್ನ ಮುಖ ನೋಡ್ಕೊಂಡೇ ನಗ್ಲಿ.” ಸ್ವಲ್ಪ ತಡೆದು, “ತೆಗೆದು ಹಾಕಿದ್ಯಲ್ಲ, ಅದನ್ನೆಲ್ಲ ಮತ್ತೆ ಹಾಕು. ಪರೀಕ್ಷೆಗೆ ಬೇಕಾಗತ್ತೆ ಆ ಮಕ್ಕಳಿಗೆ,” ಎಂದರು.

ಗುರುವಾರ ಮೂರನೇ ಪೀರಿಯಡ್. ಹೆಡ್‌ಮಾಸ್ತರರು ಹಿಂದಿನ ಕುರ್ಚಿಯಲ್ಲಿ ಪಾಠ ವೀಕ್ಷಣೆಯ ನಮೂನೆ ಹಾಳೆ ಹಿಡಿದು ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಅತ್ತೆ ಒಳಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತರು. ಅವರು ನೇರ ಹೋಗಿ ಪಿಸುಪಿಸುವಿನ ಪಕ್ಕ ಕೂತು, “ಸರ್ಕೋ,” ಎಂದರು.

ಮೇಡಂ ಗೋಡೆಯ ದೊಡ್ಡ ಪರದೆಯ ಮೇಲೆ ಪ್ಲಸ್‌ಗೆ ಕೆಂಪು ಚುಕ್ಕಿ, ಮೈನಸ್‌ಗೆ ನೀಲಿ ಚುಕ್ಕಿಗಳ ಚಿತ್ರ ತೋರಿಸುತ್ತ ವಿಷಯಕ್ಕೆ ಬಂದರು. ಮೈನಸ್ ಎರಡನ್ನು ಮೂರರಿಂದ ಗುಣಿಸಿದರೆ ಮೈನಸ್ ಆರು. ಅದಕ್ಕೆ ಯಾರದೂ ತಕರಾರಿಲ್ಲ. ಮೈನಸ್ ಎರಡನ್ನು ಮೈನಸ್ ಮೂರರಿಂದ ಗುಣಿಸಿದರೆ ಪ್ಲಸ್ ಆರು.

“ನಾನು ಒಪ್ಪಲ್ಲ,” ಎಂದರು ಅತ್ತೆ. “ಇದೂ ಇಲ್ಲ, ಅದೂ ಇಲ್ಲ. ಎರಡು ಇಲ್ಲ ಸೇರಿ ಇದೆ ಹೇಗಾಗತ್ತೆ?”

“ಅದು ನಿಯಮ ಅಜ್ಜಿ,” ಎಂದ ಮುಂದಿನ ಬೆಂಚಿನವನು.

“ನಿನಗೆ ಅರ್ಥ ಆಗಿದ್ಯಾ?”

ಅವನು ಮೇಡಂ ಕಡೆ ನೋಡಿ, “ಇಲ್ಲ,” ಎಂದ.

ಮೇಡಂ ಚುಕ್ಕಿಗಳನ್ನು ಅತ್ತಿತ್ತ ಸರಿಸಿದರು. ಅತ್ತೆ ತಲೆ ಅಲ್ಲಾಡಿಸಿದರು. ಚುಕ್ಕಿಗಳು ಇನ್ನೊಮ್ಮೆ ಸರಿದವು. ಈಗ ಐದಾರು ಮಕ್ಕಳೂ ಅತ್ತೆಯ ಜೊತೆ ತಲೆ ಅಲ್ಲಾಡಿಸಿದರು. ಹೆಡ್‌ಮಾಸ್ತರರ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಮೇಡಂ ಪರದೆ ಆರಿಸಿ, ಸೀಮೆಸುಣ್ಣ ಕೆಳಗಿಟ್ಟು, “ನನ್ನ ಹತ್ರ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಹೊಳೆಯುತ್ತಾ?” ಎಂದು ಕೇಳಿದರು. ಅಷ್ಟು ವರ್ಷದಲ್ಲಿ ತರಗತಿಯ ಮುಂದೆ ಅವರು ಹಾಗೆ ಕೇಳಿದ್ದು ಅದೇ ಮೊದಲು.

ಪಿಸುಪಿಸು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ, “ನನಗೆ ಯಾಕೆ ಹೇಳ್ತೀಯ? ಎದ್ದು ಹೇಳು,” ಎಂದು ಅವಳ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದರು.

“ಮೇಡಂ, ಟ್ಯಾಬಲ್ಲಿ ವಿಡಿಯೋನ ಹಿಂದುಮುಂದಾಗಿ ಓಡಿಸ್ಬಹುದು. ನಮ್ಮ ತಂಗಿ ನೀರಿಗೆ ಹಾರಿದ್ದನ್ನ ಹಾಗೆ ಓಡಿಸಿದ್ರೆ ಅವಳು ನೀರಿಂದ ಮೇಲೆ ಬರ್ತಾಳೆ. ಹಿಂದಕ್ಕೆ ನಡಿಯೋರ ವಿಡಿಯೋ ತೆಗೆದು, ಅದನ್ನ ಹಿಂದಕ್ಕೆ ಓಡಿಸಿದ್ರೆ...” ಅಷ್ಟರಲ್ಲಿ ಅವಳ ದನಿ ಇಂಗಿತು. ಆದರೆ ಮೇಡಂಗೆ ಅಷ್ಟು ಸಾಕಾಗಿತ್ತು.

ಎಲ್ಲರೂ ಹೊರಗೆ ಬಂದರು. ಪಡಸಾಲೆಯ ಚೌಕ ಚೌಕದ ಹಾಸುಗಲ್ಲುಗಳ ಮೇಲೆ ಮೇಡಂ ಸೊನ್ನೆಯಿಂದ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಸಂಖ್ಯೆ ಬರೆದರು. ಒಂದು ಚಪ್ಪಾಳೆಗೆ ಎರಡು ಕಲ್ಲು ಹಿಂದಕ್ಕೆ, ಒಟ್ಟು ಮೂರು ಚಪ್ಪಾಳೆ. ನಡೆಯುವವರು ಯಾರು ಎಂದು ಕೇಳಿದಾಗ ಹತ್ತು ಕೈ ಮೇಲೆದ್ದವು.

“ಒಪ್ಪದೇ ಇರೋಳು ನಾನು. ನಾನೇ ನಡೀತೀನಿ,” ಎಂದರು ಅತ್ತೆ.

“ಬೀಳ್ತೀರ ಅತ್ತೆ.”

“ಬಿದ್ರೆ ಹಿಡ್ಕೋ. ಅದಕ್ಕೇ ತಾನೆ ಸೊಸೆ ಇರೋದು?”

ಅತ್ತೆ ಸೊನ್ನೆಯ ಮೇಲೆ ಪ್ಲಸ್ ಕಡೆ ಮುಖ ಮಾಡಿ ನಿಂತರು. ಮೇಡಂ ಅವರ ಬೆನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತರು. ಮಕ್ಕಳು ಚಪ್ಪಾಳೆ ತಟ್ಟಿದರು. ಪಿಸುಪಿಸು ಶಾಲೆಯ ಟ್ಯಾಬ್ ಹಿಡಿದು ವಿಡಿಯೋ ತೆಗೆದಳು. ಮೂರು ಚಪ್ಪಾಳೆಗೆ ಅತ್ತೆ ಮೈನಸ್ ಆರರ ಮೇಲಿದ್ದರು. ಬೀಳಲಿಲ್ಲ.

ಒಳಗೆ ಬಂದು ದೊಡ್ಡ ಪರದೆಗೆ ಹಾಕಿ ಹಿಂದುಮುಂದಾಗಿ ಓಡಿಸಿದರು. ಚಪ್ಪಾಳೆಗಳು ಯಾರೋ ಗಕ್ಕನೆ ಉಸಿರೆಳೆದುಕೊಂಡಂತೆ ಕೇಳಿದವು. ಅತ್ತೆ ತಲೆಯೆತ್ತಿಕೊಂಡು ಠೀವಿಯಿಂದ ಮುಂದೆ ಮುಂದೆ ನಡೆದು ಬಂದರು. ಹಿಂದಿನಿಂದ ಕೈ ಚಾಚಿಕೊಂಡು ಮೇಡಂ.

“ಮೇಡಂ ಅಜ್ಜೀನ ಅಟ್ಟಿಸ್ಕೊಂಡು ಹೋಗ್ತಿದಾರೆ,” ಎಂದ ಯಾರೋ. ತರಗತಿ ಬಿದ್ದು ಬಿದ್ದು ನಕ್ಕಿತು. ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕು, ಕಣ್ಣೊರೆಸಿಕೊಂಡು, ಆಮೇಲೆ ಬೆರಳೆತ್ತಿದರು.

“ಮುಂದಕ್ಕೆ ಬಂದೆ, ಸರಿ. ಆದ್ರೆ ಬಂದು ನಿಂತಿದ್ದು ಸೊನ್ನೆ ಮೇಲೆ. ನೀವು ಪ್ಲಸ್ ಆರು ಅಂದ್ರಲ್ಲ, ಎಲ್ಲಿ?”

ಮಕ್ಕಳೆಲ್ಲ ಪರದೆಯ ಕಡೆ ತಿರುಗಿದರು. ಹಿಂದಿನ ಕುರ್ಚಿಯಿಂದ ಹೆಡ್‌ಮಾಸ್ತರರು, “ಹೌದಲ್ಲ,” ಎಂದರು. ಮಕ್ಕಳು ಗುಂಪುಗುಂಪಾಗಿ ತಲೆ ಕೂಡಿಸಿದರು. ಈ ಸಲ ಪಿಸುಪಿಸು ಯಾರ ಕಿವಿಯನ್ನೂ ಹುಡುಕಲಿಲ್ಲ. ಕೂತಲ್ಲಿಂದಲೇ, ಕೊನೆಯ ಬೆಂಚಿಗೂ ಕೇಳುವಂತೆ, “ಅಜ್ಜಿ, ನೀವು ಆರರಲ್ಲಿ ನಿಂತು ಶುರು ಮಾಡ್ಬೇಕಿತ್ತು. ಆಗ ಹಿಂದಕ್ಕೆ ಬಂದು ಸೊನ್ನೇಲಿ ನಿಲ್ತೀರ. ಉಲ್ಟಾ ಓಡಿಸಿದ್ರೆ ಸೊನ್ನೆಯಿಂದ ಹೊರಟು ಆರಕ್ಕೆ ಹೋಗ್ತೀರ,” ಎಂದಳು.

ಇನ್ನೊಂದು ಸಲ ಎಲ್ಲರೂ ಪಡಸಾಲೆಗೆ ಹೋದರು. ಈ ಸಲ ಟ್ಯಾಬಿಗೆ ಕೈಗಳು ಅಡ್ಡ ಬಾರದಂತೆ ಮಕ್ಕಳನ್ನು ಬದಿಗೆ ಸರಿಸುವ ಕೆಲಸವನ್ನು ಹೆಡ್‌ಮಾಸ್ತರರೇ ವಹಿಸಿಕೊಂಡರು. ಪರದೆಯ ಮೇಲೆ ಅತ್ತೆ ಸೊನ್ನೆಯಿಂದ ಹೊರಟು ಎರಡು, ನಾಲ್ಕು ದಾಟಿ ಆರರ ಮೇಲೆ ನಿಂತರು. ಮಕ್ಕಳು ಕಲ್ಲುಗಳನ್ನು ಜೋರಾಗಿ ಎಣಿಸಿದರು.

“ಹಿಂದಕ್ಕೆ ಹೋಗೋದು ಒಂದು ಮೈನಸ್ಸು,” ಎಂದರು ಅತ್ತೆ, ಒಂದೊಂದೇ ಮಾತು ತೂಗಿ. “ಹಿಂದಕ್ಕೆ ಓಡಿಸೋದು ಇನ್ನೊಂದು ಮೈನಸ್ಸು. ಎರಡೂ ಸೇರಿದ್ರೆ ಮುಂದಕ್ಕೆ. ಇಲ್ಲ ಇಲ್ಲ ಅನ್ನೋದು ಅಲ್ಲವೇ ಅಲ್ಲ ಇದು, ತಿರುಗೋದು. ಈಗ ಒಪ್ಪಿದೆ.”

ತರಗತಿ ಚಪ್ಪಾಳೆ ತಟ್ಟಿತು. ಮೇಡಂ ಹಲಗೆಯ ಮೇಲೆ ಆ ಲೆಕ್ಕವನ್ನು ಬರೆದು ಅದರ ಪಕ್ಕ ಬಾಣದ ಗುರುತು ಹಾಕುವಾಗ, ಇಷ್ಟು ವರ್ಷ ತಾನೂ ಇದನ್ನು ಬರೀ ನಿಯಮವೆಂದೇ ನಂಬಿಕೊಂಡಿದ್ದೆನಲ್ಲ ಎಂದುಕೊಂಡರು. ಮನಸ್ಸಿಗೆ ಹಗುರವೆನಿಸಿತು. ಹೆಡ್‌ಮಾಸ್ತರರು ಖಾಲಿ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಆ ವಿಡಿಯೋ ನನಗೂ ಕಳಿಸಿ ಮೇಡಂ. ಮನೇಲಿ ತೋರಿಸ್ಬೇಕು,” ಎಂದು ಹೇಳಿ ಹೋದರು.

ಗಂಟೆ ಹೊಡೆಯಿತು. ಮೇಡಂ ಪುಸ್ತಕಗಳನ್ನು ಜೋಡಿಸಿಕೊಂಡು ಬೆಂಚಿನ ಹತ್ತಿರ ಬಂದರು.

“ಬನ್ನಿ ಅತ್ತೆ, ಗೇಟಿನ ತನಕ ಬಿಟ್ಟು ಬರ್ತೀನಿ.”

ಅತ್ತೆ ಏಳಲಿಲ್ಲ. ಪಿಸುಪಿಸುವಿನ ವೇಳಾಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು.

“ಮುಂದಿಂದು ಏನೇ?”

“ವಿಜ್ಞಾನ ಅಜ್ಜಿ. ಬೆಳಕು.”

“ನೀನು ಹೋಗಮ್ಮ,” ಎಂದರು ಅತ್ತೆ ಸೊಸೆಗೆ. “ನನಗೆ ಕ್ಲಾಸಿದೆ.”